ಸುಪೀರಿಯರ್ ಸರೋವರದ ದಂಡೆಯಲ್ಲಿ ಒಬ್ಬರೇ ಕ್ಯಾಂಪರ್ ವ್ಯಾನಿನಲ್ಲಿ: ಐದು ದಿನ ಸಾಕೇ?

ನಮಸ್ಕಾರ. ಸೆಪ್ಟೆಂಬರಿನಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಸೂ ಸೇಂಟ್ ಮರಿಯಿಂದ ಥಂಡರ್ ಬೇವರೆಗೆ ಒಬ್ಬರೇ ವ್ಯಾನಿನಲ್ಲಿ ಹೋಗಲು ಐದು ದಿನ ಸಾಕೇ, ರಾತ್ರಿ ಎಲ್ಲಿ ತಂಗಬೇಕು ಎಂದು ಕೇಳಿದ್ದೀರಿ. ಹೆದ್ದಾರಿ 17ರಲ್ಲಿ ದೂರ ಸುಮಾರು 700 ಕಿಲೋಮೀಟರ್ ಇರುವುದರಿಂದ ಐದು ದಿನ ಸಾಕು. ಆದರೆ ದಿನಗಳನ್ನು ಸಮನಾಗಿ ಹಂಚಬೇಡಿ.

ಮೊದಲ ಎರಡು ರಾತ್ರಿಗಳನ್ನು ಲೇಕ್ ಸುಪೀರಿಯರ್ ಪ್ರಾಂತೀಯ ಉದ್ಯಾನದ ಅಗಾವಾ ಬೇ ಶಿಬಿರದಲ್ಲಿಯೇ ಕಳೆಯಿರಿ ಎಂಬುದು ನನ್ನ ಒತ್ತಾಯದ ಸಲಹೆ. ಅಲ್ಲಿಗೆ ಸಮೀಪದಲ್ಲಿ, ನೀರಿನಿಂದ ನೇರವಾಗಿ ಮೇಲೆದ್ದ ಬಂಡೆಯ ಮೇಲೆ ಈ ಭಾಗದ ಮೂಲನಿವಾಸಿಗಳಾದ ಅನಿಷಿನಾಬೆ ಜನರು ಕೆಂಪು ಬಣ್ಣದಲ್ಲಿ ಬರೆದ ಚಿತ್ರಗಳಿವೆ. ಅವುಗಳನ್ನು ನೋಡಲು ಅಲೆಗೆ ತೆರೆದುಕೊಂಡ ಇಳಿಜಾರಿನ ಕಲ್ಲಿನಂಚಿನ ಮೇಲೆ ನಡೆಯಬೇಕಾದ ಕಾರಣ, ಗಾಳಿ ಎದ್ದ ದಿನ, ಅದರಲ್ಲೂ ಜೊತೆಗೆ ಯಾರೂ ಇಲ್ಲದಾಗ, ದಯವಿಟ್ಟು ಇಳಿಯಬೇಡಿ. ಆ ನೀರು ಬೇಸಿಗೆಯಲ್ಲಿಯೂ ಬಹಳ ತಣ್ಣಗಿರುತ್ತದೆ. ಎರಡು ರಾತ್ರಿ ಉಳಿದರೆ ಶಾಂತವಾದ ಒಂದು ಬೆಳಿಗ್ಗೆ ಸಿಗುವ ಸಾಧ್ಯತೆ ಹೆಚ್ಚು.

ಮುಂದೆ ವಾವಾ ಪಟ್ಟಣದಲ್ಲಿ ಇಂಧನ ಮತ್ತು ದಿನಸಿ ತುಂಬಿಸಿಕೊಳ್ಳಿ, ಏಕೆಂದರೆ ಅಲ್ಲಿಂದ ಮ್ಯಾರಥಾನ್ ಪಟ್ಟಣದ‌ವರೆಗೆ ಊರುಗಳು ವಿರಳ, ಮೊಬೈಲ್ ಸಂಪರ್ಕವೂ ಹಲವೆಡೆ ಕಡಿದುಹೋಗುತ್ತದೆ. ಕತ್ತಲಾದ ಮೇಲೆ ದೊಡ್ಡ ಜಿಂಕೆ ಜಾತಿಯ ಮೂಸ್‌ಗಳು ರಸ್ತೆಗೆ ಬರುವುದರಿಂದ ಸಂಜೆಗೆ ಮುನ್ನವೇ ತಂಗುದಾಣ ಸೇರಿ, ಕರಡಿಗಳಿರುವ ಕಾಡಾದ್ದರಿಂದ ಆಹಾರವನ್ನು ವಾಹನದೊಳಗೇ ಮುಚ್ಚಿಡಿ. ಉದ್ಯಾನದ ಶಿಬಿರಗಳು ಶರತ್ಕಾಲದಲ್ಲಿ ಬೇರೆ ಬೇರೆ ದಿನ ಮುಚ್ಚುವುದರಿಂದ ಹೊರಡುವ ಮುನ್ನವೇ ಕಾದಿರಿಸಿ. ನೀವು ಕೆನಡಾ ನಿವಾಸಿಯಲ್ಲದಿದ್ದರೆ, ಈ ಭಾಗದ ಸರ್ಕಾರಿ ಜಮೀನಿನಲ್ಲಿ ತಂಗಲು ಪ್ರತ್ಯೇಕ ಪರವಾನಗಿಯೂ ಬೇಕಾಗುತ್ತದೆ.