ಓದುಗರ ಪ್ರಶ್ನೆ, ನಮ್ಮ ಉತ್ತರ: ಗೆಳೆಯರ ಗ್ರೂಪಿನಲ್ಲಿ ಸುದ್ದಿಯೂ ಸಂಸಾರವೂ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ವಾಟ್ಸ್‌ಆ್ಯಪ್‌ನ ಗೆಳೆಯರ ಬಳಗವನ್ನೇ ಕುರಿತವಾದ್ದರಿಂದ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಪತ್ರ ಬರೆದವರ ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ಮಾನ್ಯರೇ, ಕಾಲೇಜಿನ ದಿನಗಳಲ್ಲಿ ಒಂದೇ ಹಾಸ್ಟೆಲ್ಲಿನಲ್ಲಿದ್ದ ನಾವು ಗೆಳೆಯರು ಒಂದು ಗ್ರೂಪ್ ಮಾಡಿಕೊಂಡಿದ್ದೇವೆ. ಮೊದಮೊದಲು ಮಕ್ಕಳ ಓದು, ಮಳೆ, ಮೆಕ್ಕೆಜೋಳದ ದರ, ಯಾರದೋ ಮನೆಯ ಗೃಹಪ್ರವೇಶ ಎಂದು ಮಾತು ಹಿತವಾಗಿ ಸಾಗುತ್ತಿತ್ತು. 2023ರ ವಿಧಾನಸಭಾ ಚುನಾವಣೆಯ ನಂತರ ಬಳಗ ಎರಡು ಬಣವಾಗಿದೆ. ಇಬ್ಬರು ಹೊರಟೇ ಹೋದರು. ಇನ್ನು ಮುಂದೆ ರಾಜಕೀಯ ಮಾತನಾಡಕೂಡದು ಎಂಬ ನಿಯಮ ತರೋಣವೆಂದು ಉಳಿದವರು ಹೇಳುತ್ತಿದ್ದಾರೆ. ತಮ್ಮ ಅಭಿಪ್ರಾಯವೇನು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆ ನಿಯಮ ಬೇಡವೆಂದೇ ನಮ್ಮ ಸಲಹೆ. ಸಂಸಾರ ಹೂಡಿಕೊಂಡಿರುವ ವಯಸ್ಸಿನವರಿಗೆ ಮನೆಯ ಮಾತು ಎಲ್ಲಿ ಮುಗಿದು ರಾಜಕೀಯ ಎಲ್ಲಿ ಶುರುವಾಗುತ್ತದೆಂದು ಗೆರೆ ಎಳೆಯುವವರು ಯಾರು? 2025ರ ಜನವರಿಯಲ್ಲಿ ಸರ್ಕಾರಿ ಬಸ್ಸಿನ ದರ ಶೇ 15ರಷ್ಟು ಏರಿತು, ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ಇವುಗಳ ಬಗ್ಗೆ ಒಬ್ಬರು ಬೇಸರಪಟ್ಟುಕೊಂಡರೆ ಅದು ಸಂಸಾರದ ಮಾತೋ ಸರ್ಕಾರದ ಮೇಲಿನ ಟೀಕೆಯೋ ಎಂದು ತೀರ್ಮಾನಿಸುವ ಕೆಲಸವನ್ನು ಗೆಳೆಯರಲ್ಲೊಬ್ಬರಿಗೆ ವಹಿಸಿದರೆ, ಅವರು ನಾಳೆಯಿಂದ ಗೆಳೆಯರಾಗಿ ಉಳಿಯುವುದಿಲ್ಲ. ಹಾಲು ಹಾಕುವ ರೈತ ನಿಮ್ಮ ಬಳಗದಲ್ಲೇ ಇದ್ದರೆ ಅದೇ 4 ರೂಪಾಯಿಯ ಬಗ್ಗೆ ಅವನಿಗೆ ಬೇರೆಯದೇ ಮಾತು ಇರುತ್ತದೆ. ಅದನ್ನು ಕೇಳುವ ಅವಕಾಶವನ್ನೂ ನಿಯಮ ಕಿತ್ತುಕೊಳ್ಳುತ್ತದೆ.

ಜಗಳದ ಮೂಲ ವಿಷಯದಲ್ಲಿಲ್ಲ, ಅದು ಬಂದ ದಾರಿಯಲ್ಲಿದೆ ಎಂಬುದು ನಮ್ಮ ನಂಬಿಕೆ. ಬಳಗವನ್ನು ಒಡೆಯುವ ಸಂದೇಶಗಳಲ್ಲಿ ಬಹುಪಾಲನ್ನು ಬಳಗದ ಯಾರೂ ಬರೆದಿರುವುದಿಲ್ಲ. ಎಲ್ಲೋ ತಯಾರಾದ ಪೋಸ್ಟರ್ ಅಥವಾ ವಿಡಿಯೊ ನಾಲ್ಕು ಗ್ರೂಪ್ ದಾಟಿ ಬಂದು ಬೀಳುತ್ತದೆ. ಕಳಿಸಿದವನು ಅದನ್ನು ಪೂರ್ತಿ ಓದಿರುತ್ತಾನೆಂಬ ಖಾತ್ರಿಯೂ ಇರುವುದಿಲ್ಲ, ಆದರೆ ಸಿಟ್ಟು ಮಾತ್ರ ಅವನ ಮೇಲೆ ತಿರುಗುತ್ತದೆ. ಆದ್ದರಿಂದ ನಿಯಮ ಬೇಕೇಬೇಕೆಂದಾದರೆ ಒಂದೇ ಸಾಕು: ಸುದ್ದಿ ತರುವವರು ಅದರ ಜೊತೆಗೆ ತಮ್ಮ ಸ್ವಂತ ಎರಡು ವಾಕ್ಯ ಬರೆಯಬೇಕು, ತಮಗೆ ಅದು ಏಕೆ ಮುಖ್ಯವೆನಿಸಿತೆಂದು ಹೇಳಬೇಕು.

ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯನ್ನೇ ನೋಡಿ. ಅದನ್ನು ಹೊಗಳುವ ಚಿತ್ರ, ತೆಗಳುವ ಚಿತ್ರ ಎರಡೂ ಸಾವಿರ ಸಲ ಓಡಾಡಿವೆ. ಅವುಗಳಿಂದ ಯಾರಿಗೂ ಹೊಸತೇನೂ ತಿಳಿದಿಲ್ಲ. ಅದೇ ಒಬ್ಬ ಗೆಳೆಯ, ‘ನಮ್ಮ ಅವ್ವ ಈಗ ಯಾರ ಹತ್ತಿರವೂ ದುಡ್ಡು ಕೇಳದೆ ತಂಗಿಯ ಊರಿಗೆ ಹೋಗಿಬರುತ್ತಾಳೆ’ ಎಂದು ಬರೆದರೆ, ಖಾಸಗಿ ಬಸ್ಸು ಇಟ್ಟುಕೊಂಡ ಇನ್ನೊಬ್ಬ, ‘ನನ್ನ ಬಸ್ಸಿನಲ್ಲಿ ಹೆಣ್ಣುಮಕ್ಕಳು ಹತ್ತುವುದೇ ನಿಂತಿದೆ, ಕಲೆಕ್ಷನ್ ಇಳಿದಿದೆ, ಸಾಲದ ಕಂತು ಕಟ್ಟುವುದು ಕಷ್ಟವಾಗಿದೆ’ ಎಂದು ಬರೆದರೆ, ಎರಡೂ ನಿಜವೇ ಆಗಿರುತ್ತವೆ, ಮತ್ತು ಎರಡನ್ನೂ ಹೇಳಿದವರು ನಿಮ್ಮೊಡನೆ ಒಂದೇ ಮೆಸ್ಸಿನಲ್ಲಿ ಉಂಡವರು. ಅಲ್ಲಿಂದ ಮುಂದೆ ವಾದ ನಡೆದರೆ ನಡೆಯಲಿ. ಅದು ಹಳ್ಳಿಯ ಅರಳಿಕಟ್ಟೆಯ ವಾದದಂತೆ, ಮುಖ ನೋಡಿಕೊಂಡು ಆಡುವ ವಾದವಾಗಿರುತ್ತದೆ.

ಮಾತು ಬಿಸಿಯೇರಿದಾಗ ಬರೆಯುವುದನ್ನು ನಿಲ್ಲಿಸಿ ಫೋನ್ ಮಾಡುವುದು ಒಳಿತು. ನಿಮ್ಮ ಕಡೆ ಗೆಳೆಯರ ನಡುವೆ ಪ್ರೀತಿಯಿಂದ ಆಡುವ ‘ಹೋಗಲೇ’ ಎಂಬ ಮಾತೇ, ದನಿ ಕಳೆದುಕೊಂಡು ಪರದೆಯ ಮೇಲೆ ಬಂದಾಗ ಬೈಗುಳದಂತೆ ಕಾಣುತ್ತದೆ. ಹೊರಟುಹೋದ ಆ ಇಬ್ಬರ ವಿಷಯದಲ್ಲಿಯೂ ಅಷ್ಟೇ. ಮತ್ತೆ ಸೇರಿಸುವ ಲಿಂಕ್ ಕಳಿಸಬೇಡಿ, ಒಂದು ಸಂಜೆ ಅವರ ಮನೆಗೆ ಹೋಗಿ ಬನ್ನಿ. ಅವರು ಗ್ರೂಪಿಗೆ ಮರಳದಿದ್ದರೂ ಹೋಗಿದ್ದು ವ್ಯರ್ಥವಲ್ಲ.

ಪ್ರಶ್ನೆ: ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಗ್ರೂಪಿನಲ್ಲಿ ನಮಗೆ ಪಾಠ ಹೇಳಿದ ಮೇಷ್ಟ್ರೂ ಇದ್ದಾರೆ. ಹೃದಯಾಘಾತದ ಬಗ್ಗೆ ಅವರು ದಿನವೂ ಹೆದರಿಸುವಂಥ ಸಂದೇಶಗಳನ್ನು ಕಳಿಸುತ್ತಾರೆ. ನನ್ನ ತಾಯಿ ಅವುಗಳನ್ನು ಓದಿ ನಿದ್ದೆಗೆಟ್ಟಿದ್ದಾರೆ. ಗುರುಗಳಿಗೆ ತಪ್ಪೆಂದು ಹೇಗೆ ಹೇಳಲಿ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಜಿಲ್ಲೆಯವರಿಗೆ ಈ ಭಯ ಎಲ್ಲಿಂದ ಹುಟ್ಟಿತೆಂದು ವಿವರಿಸಬೇಕಿಲ್ಲ. 2025ರ ಜೂನ್ ಮತ್ತು ಜುಲೈ ತಿಂಗಳಲ್ಲಿ ಹಾಸನದಲ್ಲಿ ಹೃದಯಾಘಾತದಿಂದಾದ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದಾಗ, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗೆಂದು ಜನ ಸಾಲುಗಟ್ಟಿದರು. ನಿಜವಾಗಿ ಎದೆನೋವಿನಿಂದ ಬಂದ ರೋಗಿಗೆ ಅಂಥ ಸಾಲು ಎಷ್ಟು ತೊಂದರೆ ಕೊಡಬಲ್ಲದೆಂಬುದನ್ನು ನೆನೆದರೆ ಮನಸ್ಸು ಕುಗ್ಗುತ್ತದೆ. ಸರ್ಕಾರ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ರಚಿಸಿತು. ಕೋವಿಡ್ ಲಸಿಕೆಗೂ ಹಠಾತ್ ಸಾವುಗಳಿಗೂ ನಂಟಿಲ್ಲವೆಂದು ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳನ್ನು ಆಧರಿಸಿ ಕೇಂದ್ರ ಆರೋಗ್ಯ ಸಚಿವಾಲಯವೂ ಅದೇ ಜುಲೈನಲ್ಲಿ ಸ್ಪಷ್ಟಪಡಿಸಿತು. ಆದರೂ ಹಳೆಯ ವಿಡಿಯೊಗಳು ತಿಂಗಳು, ಇಸವಿ ಇಲ್ಲದೆ ಸುತ್ತುತ್ತಲೇ ಇರುವುದು ಅಂಥವುಗಳ ಸ್ವಭಾವ.

ಮೇಷ್ಟ್ರು ಕೆಟ್ಟ ಉದ್ದೇಶದಿಂದ ಕಳಿಸುತ್ತಿಲ್ಲ. ತಮ್ಮ ಶಿಷ್ಯರು ಚೆನ್ನಾಗಿರಲಿ ಎಂಬ ಕಾಳಜಿಯಿಂದಲೇ ಕಳಿಸುತ್ತಿದ್ದಾರೆ. ಹಾಗಾಗಿ ಎಲ್ಲರೆದುರು ತಿದ್ದದೆ ಅವರೊಬ್ಬರಿಗೇ ಬರೆಯಿರಿ: ‘ಸರ್, ತಾವು ಕಳಿಸಿದ್ದನ್ನು ನಮ್ಮ ತಾಯಿ ಓದಿ ಬಹಳ ಹೆದರಿಕೊಂಡಿದ್ದಾರೆ. ಇದು ಯಾವ ಪತ್ರಿಕೆಯಲ್ಲಿ, ಯಾವ ದಿನ ಬಂದದ್ದೆಂದು ತಿಳಿಸುತ್ತೀರಾ?’ ಕೇಳುವ ಶಿಷ್ಯನ ಮೇಲೆ ಗುರುಗಳಿಗೆ ಕೋಪ ಬರಲಾರದು. ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದೆಂದು ಅರ್ಥ; ಅಂಥದ್ದನ್ನು 2020ರ ಏಪ್ರಿಲ್‌ನಿಂದ ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಲು ಸಾಧ್ಯವಾಗುವಂತೆ ಕಂಪನಿಯೇ ಮಿತಿ ಹಾಕಿದೆ. ಈ ಗುರುತನ್ನು ತಾಯಿಯವರಿಗೆ ತೋರಿಸಿಕೊಡಿ. ಅದಕ್ಕಿಂತ ಮುಖ್ಯವಾಗಿ, ಅವರನ್ನು ಹತ್ತಿರದ ವೈದ್ಯರ ಬಳಿ ಕರೆದೊಯ್ದು ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಿ. ವೈದ್ಯರು ಎದುರು ಕುಳಿತು ಹೇಳುವ ನಾಲ್ಕು ಮಾತು ಅವರ ನಿದ್ದೆಯನ್ನು ಮರಳಿಸಬಹುದು.

ಪ್ರಶ್ನೆ: ನಾನು ನಮ್ಮ ಗ್ರೂಪಿನ ಅಡ್ಮಿನ್. ಯಾರೋ ಹಾಕಿದ ಸುಳ್ಳು ಸುದ್ದಿಗೆ ಪೊಲೀಸರು ನನ್ನನ್ನು ಹಿಡಿಯುತ್ತಾರೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸದಸ್ಯರೊಬ್ಬರು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಹೊಣೆ ಮಾಡಲಾಗದೆಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿಯೂ ಕೇರಳ ಹೈಕೋರ್ಟ್ 2022ರಲ್ಲಿಯೂ ಹೇಳಿವೆ. ಆದರೆ ಅಡ್ಮಿನ್ ತಾನೇ ಅದನ್ನು ಹಂಚಿದರೆ, ಅಥವಾ ಸದಸ್ಯರೊಡನೆ ಸೇರಿಕೊಂಡು ಹಾಕಿಸಿದರೆ ಲೆಕ್ಕ ಬೇರೆ. ಜನರಲ್ಲಿ ಭೀತಿ ಹುಟ್ಟಿಸುವ ಉದ್ದೇಶದ ಸುಳ್ಳು ಸುದ್ದಿಗೆ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂ ಮೂರು ವರ್ಷದವರೆಗೆ ಶಿಕ್ಷೆ ವಿಧಿಸಲು ಅವಕಾಶ ಕೊಡುತ್ತದೆ.

ಕಾನೂನಿನಾಚೆಗೂ ಒಂದು ಹೊಣೆ ಇದೆ, ಅದನ್ನು ತಮಗೆ ನೆನಪಿಸದೆ ಇರಲಾರೆವು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಯುವಕರನ್ನು ಮಕ್ಕಳ ಕಳ್ಳರೆಂದು ಬಿಂಬಿಸುವ ವಿಡಿಯೊ ವಾಟ್ಸ್‌ಆ್ಯಪ್ ಮೂಲಕ ಹರಡಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಎಂಜಿನಿಯರ್ ಗುಂಪಿನ ಹೊಡೆತಕ್ಕೆ ಸತ್ತರು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿಯೂ ಇದೇ ವದಂತಿಗೆ ರಾಜಸ್ಥಾನದ ಒಬ್ಬ ಕೂಲಿಗಾರ ಬಲಿಯಾಗಿದ್ದರು. ನಿಮ್ಮ ಗ್ರೂಪಿನಲ್ಲಿ ಅಂಥ ವಿಡಿಯೊ ಕಂಡರೆ, ಕಳಿಸಿದವರ ಬೇಸರವನ್ನು ಲೆಕ್ಕಿಸದೆ ಆ ಕ್ಷಣವೇ ಅಳಿಸಿ, ‘ಇದು ಖಚಿತವಲ್ಲ, ಯಾರೂ ಮುಂದೆ ಕಳಿಸಬೇಡಿ’ ಎಂದು ಬರೆಯಿರಿ. ಅಡ್ಮಿನ್‌ಗೆ ಎಲ್ಲರ ಸಂದೇಶವನ್ನೂ ಅಳಿಸುವ ಅಧಿಕಾರ ಇರುವುದು ಇಂಥ ಹೊತ್ತಿಗೇ.

ಪ್ರಶ್ನೆ: ಬೆಳಗಾದರೆ ಗೆಳೆಯರ ಶುಭೋದಯದ ಚಿತ್ರಗಳಿಂದ ಫೋನ್ ತುಂಬಿಹೋಗುತ್ತದೆ. ಬೇಡವೆಂದರೆ ಬೇಸರಪಡುತ್ತಾರೆ.
– ಓದುಗರೊಬ್ಬರು, ತುಮಕೂರು

ಉತ್ತರ: ಬೇಡವೆನ್ನಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಚಿತ್ರ, ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿದರೆ ಜಾಗ ಉಳಿಯುತ್ತದೆ. ಒಂಟಿಯಾಗಿರುವ ಗೆಳೆಯರಿಗೆ ಆ ಒಂದು ಚಿತ್ರವೇ ‘ಎದ್ದಿದ್ದೇನೆ, ಚೆನ್ನಾಗಿದ್ದೇನೆ’ ಎಂದು ತಿಳಿಸುವ ಬಗೆಯೂ ಆಗಿರುತ್ತದೆ. ಆದರೆ ಲಗ್ನಪತ್ರಿಕೆಯೆಂದೋ ಟ್ರಾಫಿಕ್ ದಂಡವೆಂದೋ ಬರುವ ಎಪಿಕೆ ಫೈಲನ್ನು (ತೆರೆದರೆ ಫೋನಿನಲ್ಲಿ ಆ್ಯಪ್ ಕೂರಿಸುವ ಫೈಲ್) ಮಾತ್ರ, ಆಪ್ತ ಗೆಳೆಯನ ನಂಬರಿನಿಂದಲೇ ಬಂದಿದ್ದರೂ, ತೆರೆಯಬೇಡಿ. ಅಂಥ ವಂಚನೆಯಿಂದ ಹಣ ಹೋದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ನಾನು ಏಳುವ ಹೊತ್ತಿಗೆ ಮೈಸೂರಿನ ಗೆಳೆಯರ ಮಾತೆಲ್ಲ ಮುಗಿದಿರುತ್ತದೆ. ಏನಾದರೂ ಬರೆದರೆ ‘ಅಲ್ಲಿ ಕೂತು ನಮಗೆ ಹೇಳಬೇಡ’ ಎನ್ನುತ್ತಾರೆ.
– ಓದುಗರೊಬ್ಬರು, ಡಲ್ಲಾಸ್

ಉತ್ತರ: ಗೆಳೆಯರ ಮಾತು ಒರಟಾಗಿದ್ದರೂ ಅದರಲ್ಲಿ ಹುರುಳಿದೆ. ದೂರದಲ್ಲಿರುವವರಿಗೆ ಊರು ಬಹುಮಟ್ಟಿಗೆ ಸುದ್ದಿಯಾಗಿಯೇ ತಲುಪುತ್ತದೆ: ರಸ್ತೆ ಗುಂಡಿ, ಹಗರಣ, ಭಾಷೆಯ ಜಗಳ. ಅಲ್ಲೇ ಇರುವವರಿಗೆ ಅದರ ಜೊತೆಗೆ ಸಂತೆಯೂ ಮಗಳ ಪರೀಕ್ಷೆಯೂ ಸಂಜೆಯ ಮಳೆಯೂ ಇರುತ್ತವೆ. ಆದ್ದರಿಂದ ಕೆಲವು ಕಾಲ ತೀರ್ಪು ಹೇಳುವುದನ್ನು ಬಿಟ್ಟು ಪ್ರಶ್ನೆ ಕೇಳಿ ನೋಡಿ. ನಿಮ್ಮ ಬದುಕಿನ ವಿವರಗಳನ್ನೂ ಬರೆಯಿರಿ. ಅಲ್ಲಿ ಮನೆ ಬಾಡಿಗೆ ಎಷ್ಟು, ಮಗು ಕನ್ನಡ ಎಷ್ಟು ಮಾತನಾಡುತ್ತದೆ, ವೀಸಾದ ಚಿಂತೆ ಹೇಗೆ ಕಾಡುತ್ತದೆ ಎಂಬುದನ್ನು ಅವರು ನಿಮ್ಮಿಂದಲ್ಲದೆ ಇನ್ನಾರಿಂದ ತಿಳಿಯಬೇಕು? ತಪ್ಪಿಹೋದ ನೂರಾರು ಸಂದೇಶಗಳನ್ನೆಲ್ಲ ಓದಿ ಮುಗಿಸಬೇಕೆಂಬ ಹಟ ಬೇಡ. ಮನಸ್ಸಿಗೆ ಹತ್ತಿದ ಒಂದಕ್ಕೆ ಉತ್ತರಿಸಿದರೂ ಸಾಕು.

ತಿಂಗಳಿಗೊಮ್ಮೆ ಎಲ್ಲರೂ ದನಿಯಲ್ಲಿ ಸೇರುವುದು ಇನ್ನೂ ಒಳ್ಳೆಯದು. ಗ್ರೂಪ್ ಕರೆಯಲ್ಲಿ 32 ಜನರವರೆಗೆ ಮಾತನಾಡಬಹುದು. ಮೈಸೂರಿನಲ್ಲಿ ಭಾನುವಾರ ಬೆಳಿಗ್ಗೆ 8 ಗಂಟೆಯಾದಾಗ ನಿಮ್ಮಲ್ಲಿ ಬೇಸಿಗೆಯಾದರೆ ಶನಿವಾರ ರಾತ್ರಿ 9.30, ಚಳಿಗಾಲವಾದರೆ 8.30 ಆಗಿರುತ್ತದೆ, ಎರಡೂ ಕಡೆಯವರಿಗೆ ಅನುಕೂಲದ ಹೊತ್ತು. ನವೆಂಬರ್ ಮೊದಲ ಭಾನುವಾರ ನಿಮ್ಮ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯುವುದನ್ನು ಗೆಳೆಯರಿಗೆ ಮುಂಚಿತವಾಗಿ ತಿಳಿಸಿಬಿಡಿ.