ಬೇವಿನ ಸೊಪ್ಪು ಅರೆದು ಕುಡಿದರೆ ಮಕ್ಕಳಾಗಲ್ವಾ?

ಪ್ರಶ್ನೆ: ನನಗೆ 32 ವರ್ಷ, ಬೇಲೂರು ತಾಲ್ಲೂಕಿನವನು. ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಿಲ್ಲ. ಸಕ್ಕರೆ ಕಾಯಿಲೆ ಶುರುವಾಗಿದೆ ಎಂದು ಒಂದು ವರ್ಷದಿಂದ ದಿನಾ ಬೆಳಿಗ್ಗೆ ಒಂದು ಹಿಡಿ ಬೇವಿನ ಸೊಪ್ಪು ಅರೆದು ಕುಡಿಯುತ್ತಿದ್ದೇನೆ. ಬೇವು ಕೊಟ್ಟ ಇಲಿಗಳಲ್ಲಿ ವೀರ್ಯ ಕೆಟ್ಟಿತು ಎಂದು ಓದಿದೆ. ನಿಜವಾ? ಮನೆಯವರೆಲ್ಲ ನನ್ನ ಹೆಂಡತಿಯನ್ನೇ ದೂರುತ್ತಾರೆ.

ಉತ್ತರ: ನೀವು ಓದಿದ್ದು ನಿಜ. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಇಂಥ ಪ್ರಯೋಗಗಳು ನಡೆದಿವೆ. ಬೇವಿನ ಎಲೆ ಕೊಟ್ಟ ಗಂಡು ಇಲಿಗಳಲ್ಲಿ ವೀರ್ಯಾಣುಗಳ ಸಂಖ್ಯೆ ಇಳಿಯಿತು, ಓಡಾಟ ಕಡಿಮೆಯಾಯಿತು. ಎಲೆ ನಿಲ್ಲಿಸಿದ ಮೇಲೆ ಚೇತರಿಕೆಯೂ ಕಂಡಿತು.

'ಇಲಿಗೆ ಕೊಡೋ ಡೋಸ್ ತುಂಬಾ ದೊಡ್ಡದು, ಹೆದರಬೇಡಿ' ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. 200 ಗ್ರಾಂ ತೂಕದ ಇಲಿಗೆ ದಿನಕ್ಕೆ 100 ಮಿಲಿಗ್ರಾಂ ಒಣ ಎಲೆಯ ಪುಡಿ ಕೊಟ್ಟರು ಎಂದುಕೊಳ್ಳಿ. ಕೆ.ಜಿ.ಗೆ 500 ಮಿಲಿಗ್ರಾಂ ಆಯಿತು. ಇಲಿಯ ಡೋಸನ್ನು ಮನುಷ್ಯರಿಗೆ ಹೊಂದಿಸುವಾಗ ಸುಮಾರು ಆರರಿಂದ ಭಾಗಿಸುವುದು ರೂಢಿ. 60 ಕೆ.ಜಿ. ತೂಕದವರಿಗೆ ಅದು ದಿನಕ್ಕೆ ಹತ್ತಿರ ಹತ್ತಿರ 5 ಗ್ರಾಂ ಪುಡಿ. ಒಂದು ಹಿಡಿ ಹಸಿ ಸೊಪ್ಪು ಒಣಗಿದರೆ ಅದರ ಆಸುಪಾಸಿಗೇ ಬರುತ್ತದೆ! ಯುಗಾದಿಯ ಬೇವು-ಬೆಲ್ಲಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇಲಿಯಲ್ಲಿ ಆಗಿದ್ದು ನಿಮ್ಮಲ್ಲೂ ಆಗಿದೆ ಎಂದು ಇದರಿಂದ ಹೇಳಲಾಗದು. ಆದರೂ ಮಗು ಬೇಕು ಎನ್ನುವಾಗ ದಿನಾ ಇಷ್ಟು ಬೇವು ಬೇಡ. ಇವತ್ತೇ ನಿಲ್ಲಿಸಿ. ಸಕ್ಕರೆಗೆ ಮಾತ್ರ ವೈದ್ಯರ ಮಾತ್ರೆ ತಪ್ಪಿಸಬೇಡಿ, ಹತೋಟಿ ಮೀರಿದ ಸಕ್ಕರೆಯೂ ವೀರ್ಯಕ್ಕೆ ಕೆಟ್ಟದ್ದೇ.

ಬೇವು ಶುರು ಮಾಡುವ ಮೊದಲಿನ ಒಂದು ವರ್ಷವೂ ಮಕ್ಕಳಾಗಿಲ್ಲ ಅಲ್ವಾ? ಹಾಗಾಗಿ ಬೇರೆ ಕಾರಣವೂ ಇರಬಹುದು. ಹಾಸನದ ಯಾವುದಾದರೂ ಒಳ್ಳೆಯ ಲ್ಯಾಬಿನಲ್ಲಿ ಈಗಲೇ ವೀರ್ಯ ಪರೀಕ್ಷೆ ಮಾಡಿಸಿ. ಅದಕ್ಕೆ ಮುಂಚೆ 2ರಿಂದ 7 ದಿನ ವೀರ್ಯ ಹೊರಹೋಗಿರಬಾರದು. ಒಂದು ಎಂ.ಎಲ್.ನಲ್ಲಿ 1.6 ಕೋಟಿಗಿಂತ ಕಡಿಮೆ ವೀರ್ಯಾಣು ಬಂದರೆ ತಜ್ಞರನ್ನು ಕಾಣಿ. ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಅದಕ್ಕೇ ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಪರೀಕ್ಷಿಸಿ. ಗುಟ್ಕಾ, ಸಿಗರೇಟು ಇದ್ದರೆ ಅವೂ ನಿಲ್ಲಲಿ.

ನಿಮ್ಮ ರಿಪೋರ್ಟ್ ಬರುವ ಮೊದಲು ಆ ಹೆಣ್ಣುಮಗಳನ್ನು ದೂರುವುದು ಅನ್ಯಾಯ. ಇದನ್ನು ಮನೆಯಲ್ಲಿ ನೀವೇ ಬಾಯಿಬಿಟ್ಟು ಹೇಳಿ. ನಿಮ್ಮ ಹೆಂಡತಿಗೂ ಸುಮ್ನೆ ಬೇವಿನ ಔಷಧಿ ಕುಡಿಸಬೇಡಿ. ಬೇವಿನ ಬೀಜದ ಸಾರ ಪ್ರಯೋಗದ ಪ್ರಾಣಿಗಳಲ್ಲಿ ಗರ್ಭವನ್ನೇ ಇಳಿಸಿದೆ.