ಬೂಷ್ಟು ಹಿಡಿದ ಟಿವಿ ಕ್ಯಾಸೆಟ್ ಉಳಿಸುವುದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ದೂರದರ್ಶನದ ರಾಮಾಯಣ, ಮಹಾಭಾರತದ ಕಾಲದಲ್ಲಿ ರೆಕಾರ್ಡ್ ಮಾಡಿದ ವಿಎಚ್‌ಎಸ್ ಕ್ಯಾಸೆಟ್‌ಗಳು ಅಟ್ಟದಲ್ಲಿದ್ದವು. ಈಗ ರೀಲಿನ ಅಂಚಿಗೆ ಬಿಳಿ ಪುಡಿ ಕಾಣುತ್ತಿದೆ. ವಿಸಿಆರ್‌ಗೆ ಹಾಕಬಹುದೇ?
(ಓದುಗರು, ಕಾರವಾರ)

ಉತ್ತರ: ಖಂಡಿತ ಬೇಡ. ಅದು ಬೂಷ್ಟು. ಮಳೆಗಾಲದ ಥಂಡಿ, ಉಳಿದ ದಿನ ಕಡಲ ಗಾಳಿ. ಕರಾವಳಿಯ ಅಟ್ಟದಲ್ಲಿ ಇದು ತಪ್ಪಿದ್ದಲ್ಲ. ಹಾಗೇ ಓಡಿಸಿದರೆ ಪುಡಿ ವಿಸಿಆರ್‌ನೊಳಗೆ ಟೇಪನ್ನು ಓದುವ ಹೆಡ್ಡಿಗೆ ಮೆತ್ತಿ ಚಿತ್ರ ಹೋಗುತ್ತದೆ, ಆಮೇಲೆ ಹಾಕುವ ಒಳ್ಳೆಯ ಕ್ಯಾಸೆಟ್‌ಗೂ ಅಂಟುತ್ತದೆ. ಸುರುಳಿಗಳು ಒಂದಕ್ಕೊಂದು ಹಿಡಿದುಕೊಂಡಿದ್ದರಂತೂ ಟೇಪು ಹರಿಯುತ್ತದೆ.

ಮೊದಲು ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜತೆ ಒಂದೆರಡು ವಾರ ಇಡಿ. ಹಸಿ ಬೂಷ್ಟನ್ನು ಒರೆಸಿದರೆ ಬಳಿದುಕೊಳ್ಳುತ್ತದೆ, ಒಣಗಿದ್ದು ಉದುರುತ್ತದೆ. ಬಿಸಿಲಿಗೆ ಮಾತ್ರ ಹಾಕಬೇಡಿ. ಟೇಪು ಸೊಟ್ಟಗಾದರೆ ಮತ್ತೆ ನೆಟ್ಟಗಾಗದು.

ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಕೂತು ಬಿಚ್ಚಿ. ಕ್ಯಾಸೆಟ್‌ನ ಅಡಿಯಲ್ಲಿ 5 ಸ್ಕ್ರೂ ಇರುತ್ತವೆ. ಅವನ್ನು ತೆಗೆದು, ಎರಡೂ ಭಾಗ ಒತ್ತಿ ಹಿಡಿದೇ ತಿರುವಿ ಹಾಕಿ, ಮೇಲಿನ ಭಾಗವನ್ನು ನಿಧಾನ ಎತ್ತಿ. ಟೇಪು ಹಾದುಹೋಗುವ ದಾರಿಯ ಫೋಟೋ ತೆಗೆದುಕೊಳ್ಳಿ. ಅಂಚಿನ ಪುಡಿಯನ್ನು ಮೆತ್ತನೆಯ ಬ್ರಶ್‌ನಿಂದ ಉದುರಿಸಿ, ಎರಡೂ ಸುರುಳಿಗಳನ್ನು ಬೇರೊಂದು ಸ್ವಚ್ಛ ಕ್ಯಾಸೆಟ್‌ನ ಗೂಡಿಗೆ ಕೂರಿಸಿ, ಏಕೆಂದರೆ ಹಳೆಯ ಗೂಡಿನ ಮೂಲೆಗಳಲ್ಲಿ ಬೂಷ್ಟು ಉಳಿದೇ ಇರುತ್ತದೆ. ಟೇಪಿನ ಮೈಮೇಲೂ ಕಲೆ ಇದ್ದರೆ ನೂಲು ಬಿಡದ ಬಟ್ಟೆಗೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಕೈಯಲ್ಲೇ ಸುತ್ತುತ್ತ ಒರೆಸಬೇಕು. 180 ನಿಮಿಷದ ಕ್ಯಾಸೆಟ್‌ನಲ್ಲಿ ಸುಮಾರು 258 ಮೀಟರ್ ಟೇಪು ಇರುತ್ತದೆ, ಅವಸರ ಸಲ್ಲದು. ಹರಿದಲ್ಲಿ ಮಾಮೂಲಿ ಸೆಲ್ಲೋಟೇಪ್ ಹಚ್ಚಬೇಡಿ. ಅದರ ಗೋಂದು ಹೊರಬಂದು ಹೆಡ್ಡಿಗೆ ಅಂಟುತ್ತದೆ. ಜೋಡಿಸಲೆಂದೇ ಸ್ಪ್ಲೈಸಿಂಗ್ ಟೇಪ್ ಸಿಗುತ್ತದೆ.

ಪ್ರಶ್ನೆ: ಟಿವಿಯಲ್ಲಿ ಬಂದ ಬಡಗುತಿಟ್ಟಿನ ಯಕ್ಷಗಾನವೊಂದನ್ನು ಕಂಪ್ಯೂಟರ್‌ಗೆ ಇಳಿಸಿದೆ. ಚಿತ್ರದ ಮೇಲಂಚು ವಾಲುತ್ತದೆ, ಹೋಗ್ತಾ ಹೋಗ್ತಾ ಚೆಂಡೆಯ ಪೆಟ್ಟಿಗೂ ಹೆಜ್ಜೆಗೂ ತಾಳೆಯಾಗುವುದಿಲ್ಲ.
(ಓದುಗರು, ಶಿರಸಿ)

ಉತ್ತರ: ಹಳೆಯ ಟೇಪಿನಿಂದ ಚಿತ್ರದ ಗೆರೆಗಳು ಒಂದೇ ಸಮನೆ ಬರುವುದಿಲ್ಲ, ಕೊಂಚ ಹಿಂದುಮುಂದಾಗುತ್ತವೆ. ವಿಸಿಆರ್ ಚಿತ್ರವನ್ನು ಕಂಪ್ಯೂಟರ್‌ಗೆ ಇಳಿಸುವ ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಸಾಧನ ಇದನ್ನು ತಾಳಲಾರದೆ ನಡುನಡುವೆ ಫ್ರೇಮ್ ಬಿಡುತ್ತದೆ. ಚಿತ್ರ ಕಮ್ಮಿಯಾಗಿ ಧ್ವನಿ ಪೂರ್ತಿ ಉಳಿದರೆ ತಾಳ ತಪ್ಪುವುದು ಸಹಜ. ವಿಸಿಆರ್‌ಗೂ ಕ್ಯಾಪ್ಚರ್‌ಗೂ ನಡುವೆ ಟೈಮ್ ಬೇಸ್ ಕರೆಕ್ಟರ್ (ಗೆರೆಗಳನ್ನು ಒಂದೇ ಸಮನೆ ಮಾಡುವ ಸಾಧನ) ಇಡಿ. ಅದು ದುಬಾರಿ ಎನಿಸಿದರೆ ಹಳೆಯ ಡಿವಿಡಿ ರೆಕಾರ್ಡರ್ ಮೂಲಕ ಹಾಯಿಸಿ ನೋಡಿ. ಕೆಲವು ಮಾದರಿಗಳು ಸಾಕಷ್ಟು ನೆಟ್ಟಗೆ ಮಾಡುತ್ತವೆ.

ನಮ್ಮ ಕ್ಯಾಸೆಟ್‌ಗಳದ್ದು ಪಾಲ್ ಎಂಬ ಟಿವಿ ಪದ್ಧತಿ. ಚಿತ್ರದ ಅಳತೆ 720×576, ಸೆಕೆಂಡಿಗೆ 25 ಫ್ರೇಮ್ ಇಟ್ಟುಕೊಳ್ಳಿ. ಪ್ರತಿ ಫ್ರೇಮ್‌ನಲ್ಲಿ ಎರಡು ಫೀಲ್ಡ್ (ಒಂದು ಬಿಟ್ಟು ಒಂದು ಗೆರೆಯ ಅರ್ಧ ಚಿತ್ರ), ಅಂದರೆ ಸೆಕೆಂಡಿಗೆ ಚಲನೆಯ 50 ಕ್ಷಣಗಳು ದಾಖಲಾಗಿರುತ್ತವೆ. ಇಳಿಸುವಾಗಲೇ ‘ಡೀಇಂಟರ್‌ಲೇಸ್’ (ಫೀಲ್ಡ್‌ಗಳನ್ನು ಪೂರ್ತಿ ಚಿತ್ರವಾಗಿಸುವುದು) ಒತ್ತಿದರೆ ಅದರಲ್ಲಿ ಅರ್ಧ ಹೋಗಿ, ವೇಷಧಾರಿ ಮಂಡಿ ಹಾಕಿ ಗಿರ್ರನೆ ಸುತ್ತುವುದು ತುಂಡುತುಂಡಾಗಿ ಕಾಣುತ್ತದೆ. ಮೂಲವನ್ನು ಹಾಗೇ ಉಳಿಸಿ, ನೋಡುವ ಪ್ರತಿಯನ್ನು 50 ಫ್ರೇಮ್‌ಗೆ ಪರಿವರ್ತಿಸಿ. ಡಿವಿ (ಡಿಜಿಟಲ್ ವಿಡಿಯೊ) ಫೈಲಾದರೆ ಗಂಟೆಗೆ ಸುಮಾರು 13 ಜಿಬಿ ಬೇಕು.

ಪ್ರಶ್ನೆ: ನಡುವಿನ ಜಾಹೀರಾತು, ‘ರುಕಾವಟ್ ಕೇ ಲಿಯೇ ಖೇದ್ ಹೈ’ (ಅಡಚಣೆಗಾಗಿ ವಿಷಾದಿಸುತ್ತೇವೆ) ಫಲಕ ಎಲ್ಲ ಕತ್ತರಿಸಲೇ?
(ಓದುಗರು, ಕುಮಟಾ)

ಉತ್ತರ: ದಯವಿಟ್ಟು ಕತ್ತರಿಸಬೇಡಿ. ರಾಮಾಯಣ ಇನ್ನೆಲ್ಲಾದರೂ ಸಿಕ್ಕೀತು, ಆ ಫಲಕ, ನಿರೂಪಕಿಯ ಎರಡು ಮಾತು, ಸೋಪಿನ ಜಾಹೀರಾತು ನಿಮ್ಮ ಕ್ಯಾಸೆಟ್‌ನಲ್ಲಷ್ಟೇ ಉಳಿದಿರಬಹುದು. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಬಿಬಿಸಿಯಂಥ ಸಂಸ್ಥೆಯೇ ಹಳೆಯದನ್ನು ಅಳಿಸಿ ಮತ್ತೆ ಬಳಸುತ್ತಿತ್ತು. 1983ರ ವಿಶ್ವಕಪ್‌ನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಹೊಡೆದ ಅಜೇಯ 175 ರನ್ನಿನ ಟಿವಿ ದೃಶ್ಯವಂತೂ ಇಲ್ಲವೇ ಇಲ್ಲ, ಅಂದು ಅಲ್ಲಿ ಕ್ಯಾಮೆರಾ ಇರಲಿಲ್ಲ. ದಾಖಲಾಗಿದ್ದನ್ನಾದರೂ ಕಳೆಯುವುದು ಬೇಡ.

ದಿನಾಂಕ ಬರೆಯದ ಕ್ಯಾಸೆಟ್‌ನ ಕಾಲ ಹಿಡಿಯಲೂ ಇವೇ ದಾರಿ. ರಾಮಾಯಣ ಮೊದಲು ಪ್ರಸಾರವಾದದ್ದು 1987ರ ಜನವರಿಯಿಂದ 1988ರ ಜುಲೈವರೆಗೆ, ಮಹಾಭಾರತ 1988ರ ಅಕ್ಟೋಬರ್‌ನಿಂದ 1990ರ ಜೂನ್‌ವರೆಗೆ. ಅವುಗಳ ಹಿಂದೆಮುಂದೆ ಬಿಡದೆ ರೆಕಾರ್ಡ್ ಆಗಿರುವುದು ಬಹುಮಟ್ಟಿಗೆ ಆ ಅವಧಿಯದೇ.

ಇನ್ನೊಂದು: ಕ್ಯಾಸೆಟ್‌ನ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಹಲ್ಲನ್ನು ಇವತ್ತೇ ಮುರಿದುಬಿಡಿ, ಆಗ ತಪ್ಪಿ ಬಟನ್ ಒತ್ತಿದರೂ ಮೇಲೆ ಬೇರೆ ರೆಕಾರ್ಡ್ ಆಗದು.